ನಿಮ್ಹಾನ್ಸಾ, ತಾಲೂಕು ಆಸ್ಪತ್ರೆಯಾ, ಖಾಸಗಿ ಡಾಕ್ಟರಾ? ತೀವ್ರ ಮಾನಸಿಕ ಕಾಯಿಲೆಗೆ ಎಲ್ಲಿ ತೋರಿಸುವುದು

ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. "ತಮ್ಮ ಒಬ್ಬನೇ ಮಾತಾಡ್ತಾನೆ, ರಾತ್ರಿಯಿಡೀ ನಿದ್ದೆ ಇಲ್ಲ, ನೇರ ಬೆಂಗಳೂರಿಗೇ ಕರ್ಕೊಂಡು ಹೋಗೋದಾ?" ಅಂತ ಒಬ್ಬರು ಕೇಳುತ್ತಾರೆ. "ಅಮ್ಮನಿಗೆ ಖಾಸಗಿಯಲ್ಲಿ ತೋರಿಸ್ತಿದ್ದೀವಿ, ಇನ್ನು ದುಡ್ಡು ಹೊಂದಿಸೋಕೆ ಆಗ್ತಿಲ್ಲ, ಸರ್ಕಾರಿ ಆಸ್ಪತ್ರೆಗೆ ಬದಲಾಯಿಸಬಹುದಾ?" ಅಂತ ಇನ್ನೊಬ್ಬರು. ಅಪರೂಪಕ್ಕೆ ಕಾಯಿಲೆ ಇರುವವರೇ ಬರೆಯುತ್ತಾರೆ: "ಆ ವಾರ್ಡಿಗೆ ಮತ್ತೆ ಹೋಗೋಕೆ ನನಗೆ ಇಷ್ಟ ಇಲ್ಲ. ಬೇರೆ ದಾರಿ ಇದೆಯಾ?"

ಇಲ್ಲಿ ನಾನು ಹೇಳುತ್ತಿರುವುದು ಸ್ಕಿಜೋಫ್ರೀನಿಯಾ (ಇಲ್ಲದ ದನಿ ಕೇಳುವ, ಇಲ್ಲದ್ದನ್ನು ಗಟ್ಟಿಯಾಗಿ ನಂಬುವ ಕಾಯಿಲೆ), ಬೈಪೋಲಾರ್ (ಅತಿ ಉತ್ಸಾಹವೂ ಖಿನ್ನತೆಯೂ ಸರದಿಯಲ್ಲಿ ಬರುವ ಕಾಯಿಲೆ), ಭ್ರಮೆಯೂ ಸೇರಿಕೊಂಡ ತೀವ್ರ ಖಿನ್ನತೆ ಇಂಥ ಕಾಯಿಲೆಗಳ ಬಗ್ಗೆ. ಕೆಲಸದ ಒತ್ತಡ, ಪರೀಕ್ಷೆಯ ಭಯ ಇವಕ್ಕೆ ಎಲ್ಲಿ ಹೋಗಬೇಕು ಅನ್ನೋದು ಬೇರೆ ಲೆಕ್ಕ. ಉದಾಹರಣೆಗಳೆಲ್ಲ ಕರ್ನಾಟಕದವು.

2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ತೀವ್ರ ಮಾನಸಿಕ ಕಾಯಿಲೆ ಇರುವ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆ ಸಿಗುತ್ತಿಲ್ಲ. ನಾನು ಹತ್ತಿರದಿಂದ ನೋಡಿದ ಮನೆಗಳಲ್ಲಂತೂ ಡಾಕ್ಟರ ಮುಖವನ್ನೇ ನೋಡದವರಿಗಿಂತ, ಒಮ್ಮೆ ದೊಡ್ಡ ಆಸ್ಪತ್ರೆಗೆ ಹೋಗಿ ಬಂದು ನಾಲ್ಕೈದು ತಿಂಗಳಿಗೆ ಮಾತ್ರೆ ಬಿಟ್ಟವರೇ ಜಾಸ್ತಿ. ಹಾಗಾಗಿ "ಯಾವ ಆಸ್ಪತ್ರೆ ದೊಡ್ಡದು" ಅಂತ ಹುಡುಕುವ ಮೊದಲು "ಮುಂದಿನ ಮೂರು ವರ್ಷ ಪ್ರತಿ ತಿಂಗಳು ಎಲ್ಲಿಗೆ ಹೋಗೋಕೆ ಆಗುತ್ತೆ" ಅಂತ ಕೇಳಿಕೊಳ್ಳಿ.

ಆರಿಸುವ ಮೊದಲು ನೋಡಬೇಕಾದ್ದು

ಮೊದಲನೆಯದು, ಈಗಿನ ಪರಿಸ್ಥಿತಿ ಎಷ್ಟು ತುರ್ತು. ಊಟ, ನಿದ್ದೆ ಬಿಟ್ಟು ದಿನಗಳಾಗಿವೆಯಾ, ಸಾಯುವ ಮಾತಾಡುತ್ತಿದ್ದಾರಾ, ಯಾರ ಮೇಲಾದರೂ ಕೈ ಮಾಡುತ್ತಿದ್ದಾರಾ? ಹಾಗಿದ್ದರೆ ಹೋಲಿಕೆ ಮಾಡುತ್ತಾ ಕೂರಬೇಡಿ. ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ, 108ಕ್ಕೆ ಕರೆ ಮಾಡಿ.

ಇದರಲ್ಲೇ ಒಂದು ಒಳಸುಳಿ ಇದೆ. ನಿನ್ನೆಯವರೆಗೆ ಚೆನ್ನಾಗಿದ್ದ ವಯಸ್ಸಾದವರು ಇವತ್ತು ದಿಢೀರನೆ ದಿನ, ಜಾಗ ಗೊತ್ತಾಗದೆ ಏನೇನೋ ಮಾತಾಡಿದರೆ, ಜ್ವರದ ಜೊತೆ ಗೊಂದಲ ಶುರುವಾದರೆ, ಕುಡಿಯುವವರು ಕುಡಿತ ನಿಲ್ಲಿಸಿದ ಎರಡು ಮೂರು ದಿನಕ್ಕೆ ನಡುಗುತ್ತಾ ಇಲ್ಲದ್ದನ್ನು ಕಂಡರೆ, ಅದು ಮೊದಲು ದೇಹದ ತುರ್ತು. ಎಲ್ಲ ವಿಭಾಗವೂ ಇರುವ ಜನರಲ್ ಆಸ್ಪತ್ರೆಗೇ ಹೋಗಬೇಕು.

ಎರಡನೆಯದು ದೂರ. ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಕಳೆದುಹೋಗುವ ಕೂಲಿಯಲ್ಲಿ ಅಳೆಯಿರಿ. ಶಕ್ತಿ ಯೋಜನೆ ಬಂದಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ತಾಯಿಗೆ ಟಿಕೆಟ್ ಇಲ್ಲ, ಮಗನಿಗೆ ಇದೆ. ಆದರೆ ಹಿಂದಿನ ರಾತ್ರಿ ಹೊರಟು ಮಾರನೇ ದಿನ ರಾತ್ರಿ ವಾಪಸಾಗುವುದರಲ್ಲಿ ಇಬ್ಬರ ಎರಡು ದಿನದ ದುಡಿಮೆ ಹೋಗಿರುತ್ತದೆ. ಮೇಲೆ ಊಟ, ಆಟೋ. ಚಿಕಿತ್ಸೆ ಪುಕ್ಕಟೆಯಾದರೂ ಆ ಭೇಟಿ ಪುಕ್ಕಟೆಯಲ್ಲ.

ಮೂರನೆಯದು ಮಾತ್ರೆ. ಬರೆದುಕೊಟ್ಟ ಮಾತ್ರೆ ನಿಮ್ಮೂರಲ್ಲಿ ಸಿಗುತ್ತದಾ? ನಾಲ್ಕನೆಯದು, ಪ್ರತಿ ಸಲ ಒಬ್ಬರೇ ಡಾಕ್ಟರು ನೋಡುತ್ತಾರಾ. ಐದನೆಯದನ್ನು ಮನೆಯವರು ಕೇಳುವುದೇ ಇಲ್ಲ: ಕಾಯಿಲೆ ಇರುವವರಿಗೆ ಅಲ್ಲಿಗೆ ಹೋಗೋಕೆ ಮನಸ್ಸಿದೆಯಾ? ಡಾಕ್ಟರು ಅವರನ್ನು ನೋಡಿ ಮಾತಾಡುತ್ತಾರಾ, ಅಥವಾ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು "ಹೇಗಿದ್ದಾನೆ?" ಅಂತ ಅಣ್ಣನನ್ನೇ ಕೇಳುತ್ತಾರಾ? ಇದು ಸಣ್ಣ ವಿಷಯ ಅಲ್ಲ. ಮಾತ್ರೆ ನುಂಗಬೇಕಾದವರು ಅವರು ತಾನೇ.

ನಿಮ್ಹಾನ್ಸ್ ಮತ್ತು ಡಿಮ್ಹಾನ್ಸ್

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಈಗಿನ ಹೆಸರಿಗೆ ಬಂದಿದ್ದು 1974ರಲ್ಲಿ. ಅದರ ಬೇರು 19ನೇ ಶತಮಾನದ ಹುಚ್ಚಾಸ್ಪತ್ರೆಯಲ್ಲಿದೆ. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಕೂಡ ಅಷ್ಟೇ ಹಳೆಯದು. ಉತ್ತರ ಕರ್ನಾಟಕದವರಿಗೆ ಅದು ಅರ್ಧ ದಾರಿಯಲ್ಲೇ ಸಿಗುತ್ತದೆ. ಆದರೂ ಅದನ್ನು ದಾಟಿ ಬೆಂಗಳೂರಿಗೆ ಬರುವವರು ಎಷ್ಟೋ ಜನ.

ಇಂಥ ಕಡೆ ಸಿಗುವ ದೊಡ್ಡ ಲಾಭ ಮೊದಲ ತಪಾಸಣೆ. ಹೊಸಬರು ಬಂದರೆ ಕಿರಿಯ ಡಾಕ್ಟರೊಬ್ಬರು ಕೂತು ಹುಟ್ಟಿನಿಂದ ಹಿಡಿದು ಇವತ್ತಿನವರೆಗಿನ ಕತೆ ಕೇಳಿ ಬರೆದುಕೊಳ್ಳುತ್ತಾರೆ. ಆಮೇಲೆ ಹಿರಿಯರ ಜೊತೆ ಚರ್ಚಿಸಿ ಕಾಯಿಲೆ ಯಾವುದು ಅಂತ ತೀರ್ಮಾನಿಸುತ್ತಾರೆ. ಆವತ್ತು ಬರೆದ ಫೈಲು ವರ್ಷಗಟ್ಟಲೆ ಕೆಲಸಕ್ಕೆ ಬರುತ್ತದೆ. ನಿಮ್ಹಾನ್ಸಿನಲ್ಲಿ ದಿನದ 24 ಗಂಟೆಯೂ ತುರ್ತು ಸೇವೆ ಇದೆ. ಮನೆಯವರೊಬ್ಬರು ಜೊತೆಗೇ ಇರಬಹುದಾದ ವಾರ್ಡುಗಳಿವೆ. ಮನೋವೈದ್ಯರಲ್ಲದೆ ಸೈಕಾಲಜಿಸ್ಟ್, ಸೋಶಿಯಲ್ ವರ್ಕರ್, ಪುನರ್ವಸತಿ ವಿಭಾಗ ಎಲ್ಲ ಒಂದೇ ಆವರಣದಲ್ಲಿ. ಬಿಪಿಎಲ್ ಕಾರ್ಡಿದ್ದರೆ ಖರ್ಚು ತುಂಬಾ ಇಳಿಯುತ್ತದೆ, ಕಾರ್ಡು ಮರೆಯದೆ ಒಯ್ಯಿರಿ.

ತೊಂದರೆ ಏನು? ಕ್ಯೂ. ಬೆಳಗ್ಗೆ ಹೋದರೆ ಇಡೀ ದಿನ ಅಲ್ಲೇ ಅಂತ ಲೆಕ್ಕ ಹಾಕಿಕೊಂಡೇ ಹೋಗಬೇಕು. ಯಾರೋ ನನ್ನನ್ನು ಹಿಂಬಾಲಿಸುತ್ತಿದ್ದಾರೆ ಅಂತ ನಂಬಿಕೊಂಡವರನ್ನು ಅಷ್ಟು ಜನರ ನಡುವೆ ಗಂಟೆಗಟ್ಟಲೆ ಕೂರಿಸುವುದು ಏನು ಅಂತ ಕೂರಿಸಿದವರಿಗೇ ಗೊತ್ತು. ಫಾಲೋಅಪ್‌ನಲ್ಲಿ ಡಾಕ್ಟರು ಬದಲಾಗುತ್ತಿರುತ್ತಾರೆ. ಕಲಿಯಲು ಬಂದವರು ಕಲಿತು ಹೋಗುತ್ತಾರೆ, ಅಲ್ವಾ?

ಮೊದಲ ಸಲದ ಪರೀಕ್ಷೆಗೆ, ಎರಡು ಮೂರು ಔಷಧ ಬದಲಾಯಿಸಿದರೂ ಹಿಡಿತಕ್ಕೆ ಬಾರದ ಕಾಯಿಲೆಗೆ, ಬಸಿರು ಬಾಣಂತನದ ಹೊತ್ತಿನ ತೀವ್ರ ಕಾಯಿಲೆಗೆ ಇಲ್ಲಿಗೆ ಬರುವುದು ಸರಿ. ತಿಂಗಳು ತಿಂಗಳು ಅದೇ ಮಾತ್ರೆ ಬರೆಸಿಕೊಳ್ಳೋಕೆ ಕಲಬುರಗಿಯಿಂದಲೋ ಕಾರವಾರದಿಂದಲೋ ಬರುವುದು ಯಾಕೆ? "ನಮ್ಮ ಜಿಲ್ಲಾಸ್ಪತ್ರೆಗೆ ಒಂದು ಚೀಟಿ ಬರೆದುಕೊಡಿ" ಅಂತ ನೀವೇ ಕೇಳಿ. ಕೊಡುತ್ತಾರೆ.

ಜಿಲ್ಲಾಸ್ಪತ್ರೆ, ತಾಲೂಕು ಆಸ್ಪತ್ರೆ

ನನಗೆ ಕೇಳಿದರೆ ಅತಿ ಹೆಚ್ಚು ಜನ ನೋಡದೆ ದಾಟಿಹೋಗುವ ಬಾಗಿಲು ಇದು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದೇ ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಊರಲ್ಲೇ ಚಿಕಿತ್ಸೆ ಸಾಧ್ಯ ಅಂತ ತೋರಿಸಿದರು. 1996ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಈಗ ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರು ಇರುತ್ತಾರೆ. ಮನೋಚೈತನ್ಯ ಅನ್ನುವ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ. ಮಂಗಳವಾರದ ಕ್ಲಿನಿಕ್ ಅಂತಲೇ ಹೆಸರು. ನಿಮ್ಮ ತಾಲೂಕಿನಲ್ಲಿ ಯಾವ ವಾರ, ಯಾವ ಹೊತ್ತು ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಗೊತ್ತಾಗುತ್ತದೆ.

ಲಾಭ ಸ್ಪಷ್ಟ. ಮಾತ್ರೆ ಪುಕ್ಕಟೆ. ಅರ್ಧ ದಿನದಲ್ಲಿ ಹೋಗಿ ಬರಬಹುದು. ಸುಮ್ನೆ "ಬಿಪಿ ತೋರಿಸೋಕೆ ಹೋಗಿದ್ದೆ" ಅಂದರೂ ಯಾರೂ ತಿರುಗಿ ನೋಡಲ್ಲ, ಏಕೆಂದರೆ ಅದೇ ಕಟ್ಟಡ, ಅದೇ ಚೀಟಿ. ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆಯಲ್ಲಿ ಜನಕ್ಕೆ ಗೊತ್ತಾದೀತು ಅನ್ನುವ ಒಂದೇ ಭಯಕ್ಕೆ ಚಿಕಿತ್ಸೆ ನಿಂತುಹೋಗುವುದುಂಟು. ಮಾತ್ರೆ ನುಂಗಲು ಒಪ್ಪದವರಿಗೆ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ಕೊಡುವ ಡಿಪೋ ಇಂಜೆಕ್ಷನ್ ಇದೆ. ಒಮ್ಮೆ ಬರೆದುಕೊಟ್ಟರೆ ಅದನ್ನು ಹತ್ತಿರದ ಆರೋಗ್ಯ ಕೇಂದ್ರದ ನರ್ಸ್ ಹಾಕಬಲ್ಲರು.

ಇಲ್ಲಿನ ಕಷ್ಟ ಅಂದರೆ ಸ್ಟಾಕ್. ಭ್ರಮೆಗೆ ಕೊಡುವ ಓಲಾಂಜಪಿನ್, ರಿಸ್ಪೆರಿಡೋನ್ ಇದ್ದರೆ ಬೈಪೋಲಾರ್‌ಗೆ ಕೊಡುವ ಲಿಥಿಯಂ ಇರಲ್ಲ. ಒಂದೊಂದು ತಿಂಗಳು "ಹೊರಗೆ ತಗೊಳ್ಳಿ" ಅಂತ ಚೀಟಿ ಕೊಡುತ್ತಾರೆ. ಆ ತಿಂಗಳಿಗೆ ಜನೌಷಧಿ ಅಂಗಡಿ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಕಂಪನಿ ಹೆಸರು ಬೇರೆಯಾದರೂ ಒಳಗಿನ ಔಷಧ ಅದೇ, ಬೆಲೆ ಮಾತ್ರ ಬಹಳ ಕಮ್ಮಿ. ಡಾಕ್ಟರಿಗೆ ಸಿಗುವ ಹೊತ್ತೂ ಕಮ್ಮಿ. ಎರಡು ನಿಮಿಷದಲ್ಲಿ "ಹೇಗಿದ್ದೀರಿ, ಅದೇ ಮುಂದುವರೆಸಿ" ಅಂತ ಮುಗಿಯಬಹುದು. ಹೇಳಬೇಕಾದ ಮೂರು ವಿಷಯ ಚೀಟಿಯಲ್ಲಿ ಬರೆದುಕೊಂಡು ಹೋದರೆ ಆ ಎರಡೇ ನಿಮಿಷ ಸಾಕಾಗುತ್ತದೆ.

ಹತೋಟಿಗೆ ಬಂದ ಕಾಯಿಲೆಗೆ, ಕೈಯಲ್ಲಿ ದುಡ್ಡಿಲ್ಲದವರಿಗೆ ನನ್ನ ಮೊದಲ ಆಯ್ಕೆ ಇದೇ.

ಮೆಡಿಕಲ್ ಕಾಲೇಜು ಆಸ್ಪತ್ರೆ

ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ಸೇಂಟ್ ಜಾನ್ಸ್, ಮಂಗಳೂರಿನ ಫಾದರ್ ಮುಲ್ಲರ್, ಮಣಿಪಾಲದ ಕೆಎಂಸಿ ಇಂಥ ಕಡೆ ಮನೋವೈದ್ಯ ವಿಭಾಗದ ಪಕ್ಕದಲ್ಲೇ ಹೃದಯ, ಸಕ್ಕರೆ, ಹೆರಿಗೆ ವಿಭಾಗಗಳೂ ಇವೆ. ಮಾನಸಿಕ ಕಾಯಿಲೆ ಜೊತೆ ದೇಹದ ಕಾಯಿಲೆಯೂ ಇರುವವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಕ್ಲೋಜಪಿನ್ ಶುರು ಮಾಡುವುದಿದ್ದರೂ ಇಂಥ ಜಾಗವೇ ಒಳ್ಳೆಯದು. ಬೇರೆ ಮಾತ್ರೆಗಳಿಗೆ ಬಗ್ಗದ ಸ್ಕಿಜೋಫ್ರೀನಿಯಾಕ್ಕೆ ಅದರಷ್ಟು ಕೆಲಸ ಮಾಡುವ ಔಷಧ ಇನ್ನೊಂದಿಲ್ಲ. ಆದರೆ ಬಿಳಿ ರಕ್ತಕಣ ಇಳಿಯುವ ಅಪಾಯ ಇರುವುದರಿಂದ ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಮನೆ ಹತ್ತಿರ ಲ್ಯಾಬ್ ಇಲ್ಲದಿದ್ದರೆ ಅದು ನಡೆಯುವ ಮಾತಲ್ಲ.

ಸರ್ಕಾರಿ ಕಾಲೇಜಾದರೆ ಖರ್ಚು ಕಮ್ಮಿ, ಖಾಸಗಿ ಕಾಲೇಜಾದರೆ ನರ್ಸಿಂಗ್ ಹೋಮಿಗಿಂತ ಕಮ್ಮಿ.

ಖಾಸಗಿ ಮನೋವೈದ್ಯರು

ಇಲ್ಲಿ ದುಡ್ಡು ಕೊಟ್ಟು ನೀವು ಪಡೆಯುವುದು ಮೂರು: ಹೇಳಿದ ಹೊತ್ತಿಗೆ ಭೇಟಿ, ಒಬ್ಬರೇ ಡಾಕ್ಟರು, ಒಂದಿಷ್ಟು ಗುಟ್ಟು. ಇವು ಬೆಲೆಯುಳ್ಳವೇ. ಕೆಲಸಕ್ಕೆ ಹೋಗುತ್ತಿರುವ ಬೈಪೋಲಾರ್ ರೋಗಿಗೆ ಸಂಜೆ ಆರರ ಮೇಲೆ ಸಿಗುವ ಡಾಕ್ಟರು ಅಂದರೆ ಕೆಲಸ ಉಳಿಯಿತು ಅಂತಲೇ ಅರ್ಥ.

ಫೀಸು ಊರು ನೋಡಿ 500ರಿಂದ 1500 ರೂಪಾಯಿ ಆಸುಪಾಸು. ಅಸಲಿ ಖರ್ಚು ಫೀಸಿನದಲ್ಲ, ಮಾತ್ರೆಯದು. "ಇದೇ ಔಷಧ ಕಡಿಮೆ ಬೆಲೆಯಲ್ಲಿ ಸಿಗುವ ಹಾಗೆ ಬರೆಯಿರಿ, ವರ್ಷಗಟ್ಟಲೆ ತಗೋಬೇಕು" ಅಂತ ಮೊದಲ ಭೇಟಿಯಲ್ಲೇ ಹೇಳಿ. ನಾಚಿಕೆ ಬೇಡ. ಈ ಮಾತು ಹೇಳದೆ ಆರು ತಿಂಗಳಾದಮೇಲೆ ಸದ್ದಿಲ್ಲದೆ ಮಾತ್ರೆ ಅರ್ಧ ಮಾಡಿ ಕೊಡುವ ಮನೆಗಳಿವೆ.

ಸರ್ಕಾರಿಗೆ ಬದಲಾಯಿಸಬಹುದಾ ಅಂತ ಕೇಳಿದವರಿಗೆ: ಧಾರಾಳವಾಗಿ. ಕಾಯಿಲೆಯ ಹೆಸರು, ಈಗಿನ ಔಷಧದ ಹೆಸರು ಮತ್ತು ಮಿಲಿಗ್ರಾಂ, ಹಿಂದೆ ಕೊಟ್ಟು ಬಿಟ್ಟ ಔಷಧ, ಯಾಕೆ ಬಿಟ್ಟದ್ದು, ಇಷ್ಟನ್ನು ಬರೆಸಿಕೊಂಡು ಹೋಗಿ. ಮಾತ್ರೆ ಪೂರ್ತಿ ಖಾಲಿಯಾಗುವ ಮೊದಲೇ ಹೋಗಿ.

ವಿಮೆ ಇದ್ದವರಿಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ದೇಹದ ಕಾಯಿಲೆಗೆ ಇರುವ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮಾ ಕಂಪನಿಗಳು ರಕ್ಷಣೆ ಕೊಡಬೇಕು. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ ಹಣ ಕೊಡುತ್ತವೆ. ತಿಂಗಳ ಓಪಿಡಿ ಖರ್ಚು ನಿಮ್ಮ ಜೇಬಿಂದಲೇ.

ಫೋನು, ವಿಡಿಯೋ

ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ಪುಕ್ಕಟೆ, ಹಗಲು ರಾತ್ರಿ ಸಿಗುತ್ತದೆ. ತೀವ್ರ ಕಾಯಿಲೆಗೆ ಇದೊಂದೇ ಸಾಕಾಗಲ್ಲ. ಆದರೆ "ಇದು ಈಗಲೇ ಕರೆದೊಯ್ಯಬೇಕಾದ್ದಾ, ಎಲ್ಲಿಗೆ?" ಅನ್ನುವ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುತ್ತದೆ. ಮೊದಲೇ ನೋಡಿರುವ ಡಾಕ್ಟರ ಜೊತೆ ವಿಡಿಯೋ ಫಾಲೋಅಪ್ ಮಾಡಿಕೊಂಡರೆ ಎರಡು ಮೂರು ಪ್ರಯಾಣ ಉಳಿಯುತ್ತವೆ. ಕ್ಯಾಮೆರಾ ಮೂಲಕ ಯಾರೋ ನನ್ನನ್ನು ನೋಡುತ್ತಿದ್ದಾರೆ ಅನ್ನುವ ಭಯ ಇರುವವರಿಗೆ ಇದು ಬೇಡ.

ದೇವರು, ದರ್ಗಾ, ಮಂತ್ರವಾದಿ

ಇದನ್ನು ಪಟ್ಟಿಯಿಂದ ಬಿಟ್ಟರೆ ಸುಳ್ಳು ಹೇಳಿದ ಹಾಗೆ. ಬಹಳಷ್ಟು ಮನೆಗಳ ಮೊದಲ ಹೆಜ್ಜೆ ಇದೇ. ಹೋಗಬೇಡಿ ಅಂತ ನಾನು ಹೇಳಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಯ ಪಕ್ಕದಲ್ಲೇ ಮನೋವೈದ್ಯರ ಕ್ಲಿನಿಕ್ ನಡೆಸುವ 'ದವಾ ದುವಾ' ಪ್ರಯತ್ನ ಇದೆ. ಹರಕೆ ಹೊತ್ತವರು ಮಾತ್ರೆಯನ್ನೂ ತಗೊಂಡು ಹೋಗುತ್ತಾರೆ.

ಆದರೆ ಗೆರೆ ಎಲ್ಲಿ ಎಳೆಯಬೇಕು ಅನ್ನುವುದೂ ಸ್ಪಷ್ಟವಿರಲಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾ ಸುತ್ತಲಿನ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿದ್ದು 28 ಜನ ಸತ್ತರು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಓಡಲಾಗಲಿಲ್ಲ. ಕಟ್ಟಿಹಾಕುವ, ಹೊಡೆಯುವ, ಉಪವಾಸ ಕೆಡವುವ, "ಇಂಗ್ಲಿಷ್ ಔಷಧ ನಿಲ್ಲಿಸಿದರೇ ಗುಣ" ಅನ್ನುವ ಜಾಗದಿಂದ ಎದ್ದು ಬನ್ನಿ. ಸರಪಳಿ ಹಾಕುವುದು ಈಗ ಕಾನೂನಿನಲ್ಲೇ ನಿಷಿದ್ಧ.

ಡೇ ಕೇರ್, ಪುನರ್ವಸತಿ ಕೇಂದ್ರ

ಕಿವಿಯಲ್ಲಿ ಕೇಳುವ ಮಾತು ನಿಂತಿದೆ, ಆದರೆ ದಿನವಿಡೀ ಮಲಗಿಯೇ ಇರುತ್ತಾರೆ. ಸ್ನಾನ ಮಾಡಲ್ಲ, ಯಾರ ಜೊತೆಗೂ ಸೇರಲ್ಲ. ಮನೆಯವರು ಸೋಮಾರಿತನ ಅಂತ ಬೈಯುವ ಈ ಹಂತಕ್ಕೆ ಇನ್ನೊಂದು ಮಾತ್ರೆಗಿಂತ ಹೋಗಿ ಬರಲು ಒಂದು ಜಾಗ ಬೇಕು. ಸರ್ಕಾರದ ಮಾನಸಧಾರ ಡೇ ಕೇರ್ ಕೇಂದ್ರಗಳು ಜಿಲ್ಲೆಗಳಲ್ಲಿವೆ. ಬೆಂಗಳೂರಿನಲ್ಲಿ 1964ರಲ್ಲಿ ಶುರುವಾದ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಶಿಪ್ ಇಂಥ ಸಂಸ್ಥೆಗಳು ವಸತಿ ಮತ್ತು ಕೆಲಸದ ತರಬೇತಿ ಕೊಡುತ್ತವೆ. ಖಾಸಗಿ ವಸತಿ ಕೇಂದ್ರಗಳ ಖರ್ಚು ತಿಂಗಳಿಗೆ ಹತ್ತಾರು ಸಾವಿರ. ಸೇರಿಸುವ ಮೊದಲು ನೋಂದಣಿ ಪತ್ರ ಕೇಳಿ. ಒಳಗಿರುವವರು ಮನೆಗೆ ಫೋನ್ ಮಾಡಬಹುದಾ ಅಂತ ಕೇಳಿ. "ಮೂರು ತಿಂಗಳು ನೋಡೋಕೆ ಬರಬೇಡಿ" ಅನ್ನುವ ಕಡೆ ಬಿಡಬೇಡಿ.

ದೇಹದ ಕಾಯಿಲೆಗೆ ಯಾರು?

ಎಲ್ಲರೂ ಮರೆಯುವುದು ಇದನ್ನೇ. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ಹೆಚ್ಚಿನವು ಹೃದಯ, ಸಕ್ಕರೆ, ಶ್ವಾಸಕೋಶದಂಥ ದೇಹದ ಕಾಯಿಲೆಗಳ ಸಾವು. ಓಲಾಂಜಪಿನ್, ಕ್ಲೋಜಪಿನ್ ತೂಕ ಏರಿಸುತ್ತವೆ, ಸಕ್ಕರೆ ತರಬಲ್ಲವು. ಬೀಡಿ ಸಿಗರೇಟು ಬೇರೆ. ಇದರ ಮೇಲೆ, ಅವರು ನೋವು ಅಂದರೆ ಯಾರೂ ನಂಬಲ್ಲ. ನಮ್ಮ ಚಿಕ್ಕಮ್ಮ ಎದೆ ಹಿಡಿದುಕೊಂಡು ನರ್ಸಿಂಗ್ ಹೋಮ್ ಒಂದಕ್ಕೆ ಹೋದಾಗ, ಅಲ್ಲಿದ್ದವರು ಮಾತ್ರೆ ಚೀಟಿ ತಿರುವಿ ನೋಡಿ "ಓ, ಇದಾ?" ಅಂದು ನಿದ್ದೆ ಮಾತ್ರೆ ಕೊಟ್ಟು ಕಳಿಸಿದ್ದರು. ಇಸಿಜಿ ತೆಗೆದಿದ್ದು ಮಾರನೇ ದಿನ, ಬೇರೆ ಕಡೆ.

ಹಾಗಾಗಿ ಮನೋವೈದ್ಯರು ಯಾರೇ ಇರಲಿ, ಮನೆ ಹತ್ತಿರ ಒಬ್ಬ ಸಾಮಾನ್ಯ ಡಾಕ್ಟರನ್ನೂ ಗುರುತು ಮಾಡಿಕೊಳ್ಳಿ. ತೂಕ, ಬಿಪಿ, ಸಕ್ಕರೆ, ಕೊಬ್ಬು ವರ್ಷಕ್ಕೊಮ್ಮೆಯಾದರೂ ನೋಡಿಸಿ. ಹೊಸ ಔಷಧ ಶುರುವಾದ ಮೊದಲ ತಿಂಗಳುಗಳಲ್ಲಿ ಇನ್ನೂ ಬೇಗ. ಲಿಥಿಯಂ ತಗೊಳ್ಳುವವರು ಕಿಡ್ನಿ, ಥೈರಾಯ್ಡ್, ರಕ್ತದ ಲಿಥಿಯಂ ಮಟ್ಟ ನೋಡಿಸುತ್ತಿರಬೇಕು. ಅವರಿಗೆ ಮೈಕೈ ನೋವು ಅಂತ ಅಂಗಡಿಯಿಂದ ಐಬುಪ್ರೊಫೇನ್ ತಂದುಕೊಡಬೇಡಿ, ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ವಾಂತಿ ಭೇದಿಯಾದಾಗಲೂ ಅದೇ ಅಪಾಯ. ಮಗು ಬೇಕು ಅಂದುಕೊಂಡ ಹೆಣ್ಣುಮಕ್ಕಳು ಬೈಪೋಲಾರ್‌ಗೆ ಕೊಡುವ ವಾಲ್ಪ್ರೋಯೇಟ್ ತಗೊಳ್ಳುತ್ತಿದ್ದರೆ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು, ಅದು ಹುಟ್ಟುವ ಮಗುವಿಗೆ ಕೆಡುಕು.

ಯಾರಿಗೆ ಯಾವುದು

ಮೊದಲ ಸಲ ಕಾಣಿಸಿಕೊಂಡಿದೆ, ವಯಸ್ಸು ಇಪ್ಪತ್ತರ ಆಸುಪಾಸು ಅಂದರೆ ತಡಮಾಡಬೇಡಿ. ನಿಮ್ಹಾನ್ಸ್‌ಗೆ ಹೋಗಲು ಒಂದು ತಿಂಗಳು ಕಾಯುವುದಕ್ಕಿಂತ ನಾಳೆಯೇ ಜಿಲ್ಲಾಸ್ಪತ್ರೆ ಮೇಲು. ಅಲ್ಲಿ ಶುರು ಮಾಡಿ, ಬೇಕಾದರೆ ಆಮೇಲೆ ದೊಡ್ಡ ಕಡೆ ಒಮ್ಮೆ ತೋರಿಸಿ.

ಹಳೆಯ ಕಾಯಿಲೆ, ಹತೋಟಿಯಲ್ಲಿದೆ, ದುಡ್ಡಿಗೆ ಕಷ್ಟ ಅಂದರೆ ತಾಲೂಕು ಆಸ್ಪತ್ರೆ ಮತ್ತು ಜನೌಷಧಿ. ಜೊತೆಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅಂಗವೈಕಲ್ಯದ ಪ್ರಮಾಣ 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಲವು ಸವಲತ್ತುಗಳ ಬಾಗಿಲು ತೆರೆಯುತ್ತದೆ.

ಕೈಯಲ್ಲಿ ಸ್ವಲ್ಪ ದುಡ್ಡಿದೆ, ಕೆಲಸ ಉಳಿಸಿಕೊಳ್ಳಬೇಕು ಅಂದರೆ ಖಾಸಗಿ ಡಾಕ್ಟರು. ಆದರೆ ದಾಖಲಾಗಬೇಕಾಗಿ ಬಂದರೆ ಎಲ್ಲಿ ಅಂತ ಈಗಲೇ ಯೋಚಿಸಿಡಿ.

ರೋಗಿ ಬರಲು ಒಪ್ಪುತ್ತಿಲ್ಲ ಅಂದರೆ ಸಾರಿನಲ್ಲಿ ಮಾತ್ರೆ ಬೆರೆಸುವ ದಾರಿ ಹಿಡಿಯಬೇಡಿ. ಗೊತ್ತಾದ ದಿನ ಊಟವನ್ನೇ ಬಿಡುತ್ತಾರೆ. "ನಿನಗೆ ಹುಚ್ಚು" ಅನ್ನುವ ಬದಲು "ನಿದ್ದೆ ಇಲ್ಲವಲ್ಲ, ಅದಕ್ಕೆ ತೋರಿಸೋಣ" ಅಂದರೆ ಎಷ್ಟೋ ಜನ ಎದ್ದು ಬರುತ್ತಾರೆ. ನಿದ್ದೆ ಇಲ್ಲದಿರುವುದು ಸುಳ್ಳಲ್ಲವಲ್ಲ. ಅದೂ ಆಗದಿದ್ದರೆ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 89ನೇ ಸೆಕ್ಷನ್ ಇದೆ. ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ಮಾತಾಡಲು ಗೊತ್ತುಮಾಡಿದವರ) ಅರ್ಜಿ ಮತ್ತು ಒಬ್ಬ ಮನೋವೈದ್ಯರೂ ಸೇರಿ ಇಬ್ಬರ ಪರೀಕ್ಷೆಯ ಮೇಲೆ 30 ದಿನದವರೆಗೆ ದಾಖಲು ಮಾಡಿಕೊಳ್ಳಬಹುದು.

ಇನ್ನು, ಆ ವಾರ್ಡು ಬೇಡ ಅಂದವರಿಗೆ. ನಿಮಗೆ ಆಯ್ಕೆ ಇದೆ, ಅದೂ ಕಾನೂನಿನಲ್ಲಿ. ಚೆನ್ನಾಗಿರುವ ಹೊತ್ತಿನಲ್ಲಿ ಮುಂಗಡ ನಿರ್ದೇಶನ ಬರೆದಿಡಬಹುದು: ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು. ಆ ವ್ಯಕ್ತಿ ಅಪ್ಪ ಅಮ್ಮನೇ ಆಗಬೇಕಿಲ್ಲ, ನೀವು ನಂಬುವ ಗೆಳತಿಯೂ ಆಗಬಹುದು. ಇದನ್ನು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯಲ್ಲಿ ನೋಂದಾಯಿಸಬಹುದು, ಒಂದು ಪ್ರತಿ ನಿಮ್ಮ ಡಾಕ್ಟರ ಫೈಲಿನಲ್ಲೂ ಇರಲಿ. ಅರಿವಳಿಕೆ ಕೊಡದೆ ಶಾಕ್ ಟ್ರೀಟ್‌ಮೆಂಟ್ ಕೊಡುವುದು ಈಗ ನಿಷಿದ್ಧ, ಆ ಭಯ ಬೇಡ. ಹಾಗೆಯೇ 18 ದಾಟಿದ ನೀವು ಮನೆಯವರಿಲ್ಲದೆ ಒಬ್ಬರೇ ಹೋಗಿ ದಾಖಲಾಗಬಹುದು. ಬಿಡುಗಡೆ ಕೇಳಿದರೆ ಬಿಡಬೇಕು. ನಿಮಗೋ ಇನ್ನೊಬ್ಬರಿಗೋ ಅಪಾಯ ಆದೀತು, ಇಲ್ಲವೇ ನಿಮ್ಮ ನಿರ್ಧಾರ ನಿಮಗೇ ಅರ್ಥವಾಗುತ್ತಿಲ್ಲ ಅನ್ನಿಸಿದರೆ ಮಾತ್ರ ಪರೀಕ್ಷಿಸಲು 24 ಗಂಟೆ ಇರಿಸಿಕೊಳ್ಳಬಹುದು.